ಹುರುಳಿಯ ಸಿಪ್ಪೆ ತೆಳುವಾದ ಕಥೆ

ರಾತ್ರಿ ಹುರುಳಿಕಾಳು ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ ಬಂದಿರುತ್ತದೆ. ಆದರೆ ಎಲ್ಲಾ ಕಾಳಿಗೂ ಬರುವುದಿಲ್ಲ. ಒಂದೆರಡು ಕಾಳು ನೀರನ್ನೇ ಕುಡಿಯದೆ ಕಲ್ಲಿನ ಹಾಗೆ ಕೂತಿರುತ್ತವೆ. ಸಾರಿನಲ್ಲಿ ಎಷ್ಟು ಕುದಿಸಿದರೂ ಬೇಯದೆ ಹಲ್ಲಿಗೆ ಸಿಕ್ಕಿ ಕಟ್ ಎನ್ನುತ್ತವೆ. ನಮ್ಮ ಮನೆಯಲ್ಲಿ ಅಂಥ ಕಾಳನ್ನು ಆರಿಸಿ ಎಸೆಯುತ್ತಿದ್ದರು. ನಾನು ಈಗ ಎಸೆಯುವ ಮುಂಚೆ ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡುತ್ತೇನೆ, ಯಾಕೆಂದರೆ ಒಂದು ಕಾಲದಲ್ಲಿ ಹುರುಳಿಯೆಲ್ಲಾ ಹೆಚ್ಚುಕಡಿಮೆ ಹೀಗೇ ಇತ್ತು.

ಕಾಡುಹುರುಳಿಗೆ ದಪ್ಪ ಸಿಪ್ಪೆ ಬೇಕೇ ಬೇಕು. ಮೊದಲ ಮಳೆಗೇ ಎಲ್ಲಾ ಬೀಜವೂ ಮೊಳೆತು, ಆಮೇಲೆ ಇಪ್ಪತ್ತು ದಿನ ಮಳೆ ಕೈಕೊಟ್ಟರೆ ಆ ಬಳ್ಳಿಯ ವಂಶವೇ ಮುಗಿಯಿತು. ಅದಕ್ಕೇ ಬೀಜಗಳು ಸರದಿ ಕಾಯುತ್ತವೆ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಕೆಲವು ಅದರಾಚೆ. ಈಗ ಯಾರೋ ಒಬ್ಬರು ಆ ಬೀಜ ಕೂಡಿಟ್ಟು, ಮಳೆ ಬಂದಾಗ ಚೆಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿ ಬಿಡಿಸಿಕೊಂಡರು ಅಂದುಕೊಳ್ಳಿ. ಅವರ ಕೈಗೆ ಸಿಗುವುದು ಆ ವರ್ಷವೇ ಮೊಳೆತ ಗಿಡಗಳ ಕಾಯಿ ಮಾತ್ರ. ಮಣ್ಣೊಳಗೆ ಸುಮ್ನೆ ಮಲಗಿದ್ದ ದಪ್ಪ ಸಿಪ್ಪೆಯ ಬೀಜಕ್ಕೆ ಅವರ ಗಡಿಗೆಯಲ್ಲಿ ಪಾಲಿಲ್ಲ. ಮುಂದಿನ ವರ್ಷವೂ ಅದೇ. ಹೊಸ ತಳಿ ಮಾಡೋಣ ಅಂತ ಯಾರೂ ಕೂತು ಯೋಚಿಸಲಿಲ್ಲ. ಬಿತ್ತಿದರು, ಕೊಯ್ದರು, ಮತ್ತೆ ಬಿತ್ತಿದರು. ತಲೆಮಾರುಗಳು ಕಳೆಯುತ್ತಾ ಹೋದಂತೆ ಸಿಪ್ಪೆ ತಾನಾಗಿ ತೆಳುವಾಯಿತು.

ಇದನ್ನು ಅಳೆದು ನೋಡಿದ್ದಾರೆ. ದಕ್ಷಿಣ ಭಾರತದ ಹಳೆಯ ನೆಲೆಗಳಲ್ಲಿ ಸಿಕ್ಕ ಸುಟ್ಟ ಹುರುಳಿಕಾಳುಗಳನ್ನು ಚಾರ್ಲೀನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ ಎಂಬ ಸಂಶೋಧಕರು ಒಡೆಯದೇನೇ, ಸಿಂಕ್ರೊಟ್ರಾನ್ ಎಂಬ ಭಾರೀ ಯಂತ್ರದ ಎಕ್ಸ್-ರೇ ಹಾಯಿಸಿ, ಸಿಪ್ಪೆಯ ದಪ್ಪ ಅಳೆದರು. 2017ರಲ್ಲಿ ಅದರ ಫಲಿತಾಂಶ ಬಂತು. ಕ್ರಿ.ಪೂ. 2000ರ ಆಸುಪಾಸಿನಿಂದ ಈಚೆಗೆ ಬಂದಂತೆ ಸಿಪ್ಪೆ ತೆಳುವಾಗುತ್ತಾ ಬಂದಿದ್ದು ಅಲ್ಲಿ ಕಾಣುತ್ತದೆ. ಬೇಟೆಯಾಡಿ, ಗೆಡ್ಡೆ ಅಗೆದು, ಕಾಯಿ ಆಯ್ದು ಬದುಕುತ್ತಿದ್ದ ಮನುಷ್ಯರು ಬೇಸಾಯಗಾರರಾದ ಕಥೆ ಓದಲು ನನಗೆ ಇದಕ್ಕಿಂತ ಒಳ್ಳೆಯ ಪುಟ ಸಿಕ್ಕಿಲ್ಲ.

ನಾವು ಶಾಲೆಯಲ್ಲಿ ಕೇಳಿದ ಕಥೆ ಬೇರೆ. ಗುಹೆಯ ಬಾಗಿಲಲ್ಲಿ ಯಾರೋ ಬೀಜ ಉಗಿದರು, ಅದು ಮೊಳೆಯಿತು, ಅದನ್ನು ನೋಡಿ ಮನುಷ್ಯ ಬೇಸಾಯ ಕಲಿತ. ಈ ಕಥೆ ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಬೆಳಗಾದರೆ ಗಿಡಗಂಟೆಗಳ ನಡುವೆಯೇ ಓಡಾಡುವವರಿಗೆ, ಯಾವ ಗೆಡ್ಡೆ ಯಾವ ತಿಂಗಳಲ್ಲಿ ಸಿಹಿ, ಯಾವುದನ್ನು ಸುಟ್ಟು ತಿನ್ನಬೇಕು, ಯಾವುದು ವಿಷ ಎಂದು ಬಾಯಿಪಾಠವಿದ್ದವರಿಗೆ ಬೀಜದಿಂದ ಗಿಡ ಬರುತ್ತದೆ ಅನ್ನುವುದು ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಆ ತಾಪತ್ರಯ ಯಾಕೆ ಬೇಕು ಅಂತ ಸುಮ್ಮನಿದ್ದರು. 1960ರ ದಶಕದಲ್ಲಿ ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ ಆಫ್ರಿಕಾದ ಕಲಹಾರಿ ಮರುಭೂಮಿಯ ಬೇಟೆಗಾರರ ಜೊತೆ ಇದ್ದು ಬಂದರು. ಬೇಸಾಯ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ ಅಲ್ಲಿಯ ಒಬ್ಬರು ಹೇಳಿದ್ದು ಇಷ್ಟು: ಜಗತ್ತಿನಲ್ಲಿ ಇಷ್ಟೊಂದು ಮೊಂಗೊಂಗೊ ಕಾಯಿ ಇರುವಾಗ ನಾವ್ಯಾಕೆ ನೆಡಬೇಕು?

ಅದೇ ದಶಕದಲ್ಲಿ ಜ್ಯಾಕ್ ಹಾರ್ಲನ್ ಎಂಬ ಸಸ್ಯವಿಜ್ಞಾನಿ ಟರ್ಕಿಯ ಬೆಟ್ಟದಲ್ಲಿ ತಾನಾಗಿ ಬೆಳೆದ ಕಾಡುಗೋಧಿಯನ್ನು ಕಲ್ಲಿನ ಕುಡುಗೋಲಿನಿಂದ ಕೊಯ್ದು ನೋಡಿದರು. ಒಂದು ಗಂಟೆ ಕೊಯ್ದರೆ ಸುಮಾರು ಒಂದು ಕಿಲೋ ಹಸನಾದ ಕಾಳು ಸಿಕ್ಕಿತು. ಅವರ ಲೆಕ್ಕದಲ್ಲಿ ಒಂದು ಕುಟುಂಬ ಮೂರು ವಾರ ದುಡಿದರೆ ವರ್ಷಕ್ಕಾಗಿ ಮಿಗುವಷ್ಟು ಕಾಳು ಕೂಡಿಡಬಹುದಿತ್ತು. ಉಳುವುದು ಬೇಡ, ಕಳೆ ಕೀಳುವುದು ಬೇಡ, ಮೂರೇ ವಾರ. ಹಾಗಿದ್ದ ಮೇಲೆ ಮನುಷ್ಯ ಬೇಸಾಯ ಹೇಗೆ ಕಂಡುಹಿಡಿದ ಅನ್ನುವುದಕ್ಕಿಂತ, ಇಂಥ ಕೆಲಸಕ್ಕೆ ಯಾಕೆ ಕೈಹಾಕಿದ ಅನ್ನುವುದೇ ಕಷ್ಟದ ಪ್ರಶ್ನೆ ಅಲ್ವಾ?

ಈ ಪ್ರಶ್ನೆಗೆ ಜಾಸ್ತಿ ಕೆಲಸ ನಡೆದಿರುವುದು ಪಶ್ಚಿಮ ಏಷ್ಯಾದಲ್ಲಿ. ಇಸ್ರೇಲಿನ ಗೆಲಿಲೀ ಸರೋವರದ ನೀರು 1989ರಲ್ಲಿ ಇಳಿದಾಗ ಓಹಾಲೊ ಎಂಬ ಒಂದು ಬಿಡಾರ ಹೊರಗೆ ಬಂತು. ಸುಮಾರು 23,000 ವರ್ಷ ಹಳೆಯದು. ಅಲ್ಲಿ ಮೀನು ಹಿಡಿದು ಬದುಕುತ್ತಿದ್ದ ಜನ ಕಾಡುಬಾರ್ಲಿ, ಕಾಡುಗೋಧಿ ಆಯ್ದು ಕಲ್ಲಿನ ಮೇಲೆ ಅರೆಯುತ್ತಿದ್ದರು. ಜೋರ್ಡಾನಿನ ಶುಬೈಕಾ ಎಂಬಲ್ಲಿ 14,400 ವರ್ಷ ಹಿಂದಿನ ಒಲೆಗಳಲ್ಲಿ ಸುಟ್ಟ ರೊಟ್ಟಿಯ ಚೂರುಗಳೇ ಸಿಕ್ಕಿವೆ. ಬೇಸಾಯಕ್ಕೆ ನಾಲ್ಕು ಸಾವಿರ ವರ್ಷ ಮೊದಲೇ ರೊಟ್ಟಿ! ಆ ಕಾಲದ ನಟೂಫಿಯನ್ ಜನ ಕಲ್ಲಿನ ಅಡಿಪಾಯದ ಗುಂಡು ಮನೆಗಳನ್ನು ಕಟ್ಟಿಕೊಂಡು, ಜಿಂಕೆಯ ಜಾತಿಯ ಗೆಜೆಲ್‌ಗಳನ್ನು ಬೇಟೆಯಾಡಿಕೊಂಡು ವರ್ಷದ ಬಹುಪಾಲು ಒಂದೇ ಕಡೆ ಇರುತ್ತಿದ್ದರು. ಮನೆ ಇತ್ತು, ಹೊಲ ಇರಲಿಲ್ಲ.

ಆಮೇಲೆ ಹೊಲ ಬಂತು. ಅದೂ ಬಹಳ ನಿಧಾನವಾಗಿ. ಕಾಡುಗೋಧಿಯ ತೆನೆ ಮಾಗಿದರೆ ತಾನೇ ಉದುರಿ ಚೆಲ್ಲಿಹೋಗುತ್ತದೆ. ಊರ ಗೋಧಿಯ ತೆನೆ ನಾವು ಬಡಿಯುವವರೆಗೂ ಕಾಯುತ್ತದೆ. ಈ ಬದಲಾವಣೆಗೆ ಎಷ್ಟು ಕಾಲ ಬೇಕು ಎಂದು 1990ರಲ್ಲಿ ಹಿಲ್ಮನ್ ಮತ್ತು ಡೇವಿಸ್ ಎಂಬವರು ಹೊಲದಲ್ಲಿ ಬೆಳೆದು ನೋಡಿ ಲೆಕ್ಕ ಹಾಕಿದರು. ಬೇಗ ಆದರೆ 20–30 ವರ್ಷ, ತಡವಾದರೆ 200 ವರ್ಷ. ಆದರೆ ಮಣ್ಣಲ್ಲಿ ಸಿಕ್ಕ ಹಳೆಯ ತೆನೆಯ ಚೂರುಗಳನ್ನು ಎಣಿಸಿದಾಗ ತಿಳಿದಿದ್ದು, ಅದಕ್ಕೆ ಎರಡು ಮೂರು ಸಾವಿರ ವರ್ಷವೇ ಹಿಡಿದಿತ್ತು. ಮೂರು ಸಾವಿರ ವರ್ಷ ಅಂದರೆ ಎಷ್ಟು? ಹಲ್ಮಿಡಿ ಶಾಸನದಿಂದ ಇವತ್ತಿನವರೆಗಿನ ಕಾಲದ ಹೆಚ್ಚುಕಡಿಮೆ ಎರಡು ಪಟ್ಟು. ಅಷ್ಟೂ ಕಾಲ ಜನ ಒಂದಿಷ್ಟು ಬಿತ್ತುತ್ತಿದ್ದರು, ಒಂದಿಷ್ಟು ಆಯುತ್ತಿದ್ದರು, ಬೇಟೆಯನ್ನೂ ಬಿಟ್ಟಿರಲಿಲ್ಲ. ಗಾರ್ಡನ್ ಚೈಲ್ಡ್ ಎಂಬ ಪುರಾತತ್ವಜ್ಞ ಇದನ್ನು 'ನವಶಿಲಾಯುಗದ ಕ್ರಾಂತಿ' ಎಂದು ಕರೆದು ಆ ಹೆಸರೇ ಉಳಿದುಬಿಟ್ಟಿತು. ಕ್ರಾಂತಿ ಅನ್ನುವ ಮಾತು ಇಷ್ಟು ನಿಧಾನದ ಸಂಗತಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಆನ್‌ಲೈನಿನಲ್ಲಿ ಇನ್ನೊಂದು ವಾದ ಜೋರಾಗಿ ಓಡುತ್ತಿದೆ. ಬೇಸಾಯವೇ ಮನುಷ್ಯ ಮಾಡಿದ ಅತಿ ದೊಡ್ಡ ತಪ್ಪು, ಅದರಿಂದಲೇ ರೋಗ, ದುಡಿತ, ಮೇಲು ಕೀಳು ಎಲ್ಲಾ ಶುರುವಾಯಿತು ಅಂತ. ಇದರಲ್ಲಿ ಅರ್ಧ ನಿಜ ಇದೆ, ಅದನ್ನು ಮುಚ್ಚಿಡಬಾರದು. ಸಿರಿಯಾದ ಅಬು ಹುರೇರಾ ಎಂಬ ಊರಿನ ಹಳೆಯ ಎಲುಬುಗಳನ್ನು ಥೇಯಾ ಮಾಲಿಸನ್ ಎಂಬ ವಿಜ್ಞಾನಿ ಪರೀಕ್ಷಿಸಿದಾಗ ಹೆಂಗಸರ ಮೊಣಕಾಲು, ಸೊಂಟ, ಕಾಲಿನ ಹೆಬ್ಬೆರಳಿನ ಕೀಲು ಸವೆದುಹೋಗಿದ್ದು ಕಂಡಿತು. ನೆಲಕ್ಕೆ ಮೊಣಕಾಲೂರಿ, ಹೆಬ್ಬೆರಳು ಒತ್ತಿ, ಕಲ್ಲಿನ ಮೇಲೆ ಕಲ್ಲನ್ನು ಹಿಂದೆ ಮುಂದೆ ಉಜ್ಜಿ ದಿನಾ ಗಂಟೆಗಟ್ಟಲೆ ಕಾಳು ಅರೆದ ಗುರುತು ಅದು. ನಮ್ಮ ರಾಗಿಕಲ್ಲಿನ ಹಾಗೆ ತಿರುಗುವ ಬೀಸುಕಲ್ಲು ಬಂದಿದ್ದು ಎಷ್ಟೋ ಸಾವಿರ ವರ್ಷದ ನಂತರ. ಬೇಸಾಯ ತಳವೂರಿದ ಹಲವು ಕಡೆ ಜನರ ಎತ್ತರ ಕಡಿಮೆಯಾಗಿದ್ದು, ಹಲ್ಲು ಹುಳುಕಾಗಿದ್ದು ಎಲುಬುಗಳಲ್ಲಿ ದಾಖಲಾಗಿದೆ.

ಆದರೆ ತಪ್ಪು ಎಂದು ಕರೆಯಬೇಕಾದರೆ ಯಾರಾದರೂ ತೀರ್ಮಾನ ಮಾಡಿರಬೇಕಲ್ಲ? ಇಲ್ಲಿ ತೀರ್ಮಾನ ಮಾಡಿದವರೇ ಇಲ್ಲ. ಒಂದು ವರ್ಷ ಮಳೆ ಸರಿಯಿಲ್ಲ, ಒಂದಿಷ್ಟು ಬೀಜ ಜಾಸ್ತಿ ಚೆಲ್ಲಿದರು. ಮನೆಯಲ್ಲಿ ಕಾಳಿದ್ದರೆ ಗಂಜಿ, ಸರಿ ಮಾಡಿ ತಿನ್ನಿಸಿ ಮಗುವಿಗೆ ಬೇಗ ಮೊಲೆ ಬಿಡಿಸಬಹುದು. ಹಾಗಾದಾಗ ಮುಂದಿನ ಮಗು ಬೇಗ ಹುಟ್ಟುತ್ತದೆ. ಅಲೆದಾಡುವ ತಾಯಿ ಎರಡು ಕೂಸುಗಳನ್ನು ಒಟ್ಟಿಗೆ ಹೊತ್ತು ತಿರುಗಲಾರಳು. ಕಲಹಾರಿಯಲ್ಲಿ ಇಬ್ಬರು ಮಕ್ಕಳ ನಡುವೆ ಸುಮಾರು ನಾಲ್ಕು ವರ್ಷದ ಅಂತರ ಇರುತ್ತಿತ್ತು. ಒಂದೇ ಕಡೆ ನಿಂತವರಿಗೆ ಆ ಕಟ್ಟು ಸಡಿಲವಾಯಿತು. ಬಾಯಿ ಹೆಚ್ಚಾದವು, ಬಾಯಿ ಹೆಚ್ಚಾದ ಮೇಲೆ ಸುತ್ತಲಿನ ಕಾಡು ಸಾಲದಾಯಿತು, ಸಾಲದಾದಾಗ ಇನ್ನೊಂದು ತುಂಡು ನೆಲಕ್ಕೆ ಬೀಜ ಬಿತ್ತು. ಒಂದೊಂದು ಹೆಜ್ಜೆಯೂ ಆಯಾ ವರ್ಷಕ್ಕೆ, ಆಯಾ ಮನೆಗೆ ಸರಿಯಾದ ಹೆಜ್ಜೆಯೇ. ಹತ್ತು ತಲೆಮಾರು ಕಳೆದ ಮೇಲೆ ತಿರುಗಿ ನೋಡಿದರೆ ಹಿಂದಿನ ದಾರಿಯಲ್ಲಿ ಅಷ್ಟು ಜನ ಬದುಕುವಂತೆಯೇ ಇರಲಿಲ್ಲ. ಆ ಎಲುಬು ಸವೆದ ತಾಯಂದಿರನ್ನು ಮೂರ್ಖರು ಅನ್ನುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಅವರು ಮಕ್ಕಳ ಹೊಟ್ಟೆ ನೋಡಿದರು.

ಇನ್ನು ನಮ್ಮ ಕಡೆಗೆ ಬರೋಣ. ಬೇಸಾಯ ಒಂದೇ ಊರಲ್ಲಿ ಹುಟ್ಟಿ ಜಗತ್ತಿಗೆಲ್ಲಾ ಹಂಚಿಕೆಯಾದದ್ದಲ್ಲ. ಚೀನಾದಲ್ಲಿ ಭತ್ತ, ನವಣೆ. ಮೆಕ್ಸಿಕೊದಲ್ಲಿ ಮೆಕ್ಕೆಜೋಳ. ಆಂಡಿಸ್ ಬೆಟ್ಟಗಳಲ್ಲಿ ಆಲೂಗಡ್ಡೆ. ನ್ಯೂಗಿನಿಯಲ್ಲಿ ಬಾಳೆ, ಕೆಸು. ಹೀಗೆ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹಲವು ಕಡೆ ಜನ ಈ ದಾರಿ ಹಿಡಿದರು. ಆ ಪಟ್ಟಿಯಲ್ಲಿ ಬಳ್ಳಾರಿ, ರಾಯಚೂರು ಸೀಮೆಯ ಹೆಸರೂ ಬರಬೇಕು ಅನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಂಪಿಯ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿದಿಬ್ಬ ಇದೆ. ಅದು ವಾಲಿಯನ್ನು ಸುಟ್ಟ ಬೂದಿ ಎಂದು ಊರವರು ಹೇಳುತ್ತಾರೆ. ಬಳ್ಳಾರಿಯ ಹತ್ತಿರ ಕುಡುತಿನಿಯಲ್ಲಿ ಇನ್ನೊಂದು ಇದೆ. ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳನ್ನು ಗುರುತಿಸಿದ್ದಾರೆ. ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿ ಕಿಟ್ಟದ ಹಾಗಿದೆ, ಹಾಗಾಗಿ ಹಿಂದಿನವರಲ್ಲಿ ಕೆಲವರು ಇದು ಲೋಹ ಕರಗಿಸಿದ ಜಾಗ ಎಂದು ತಿಳಿದಿದ್ದರು. ಇದು ಸುಟ್ಟ ಸಗಣಿ ಇರಬೇಕು ಎಂದು 19ನೇ ಶತಮಾನದಲ್ಲೇ ಅಂದಾಜಿಸಿದ್ದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳಿದ್ದವು. ಸುತ್ತ ಸಾಲಾಗಿ ಕಂಬ ನೆಟ್ಟ ಗುಣಿಗಳಿದ್ದವು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ದನದ ದೊಡ್ಡಿ ಅದು!

ಇಲ್ಲಿ ಮೊದಲು ಎದ್ದು ಕಾಣುವುದು ದನ. ಕ್ರಿ.ಪೂ. 3000ದ ಆಚೀಚೆ, ಮಳೆ ಕ್ರಮೇಣ ಕಡಿಮೆಯಾಗಿ ದಖ್ಖನ್ ಬಯಲು ಹುಲ್ಲುಗಾವಲಾಗುತ್ತಿದ್ದ ಕಾಲದಲ್ಲಿ, ಜನ ದನ ಕುರಿ ಸಾಕಿಕೊಂಡು ಒಂದೊಂದು ಕಡೆ ಕೂಡುತ್ತಿದ್ದರು, ಸಗಣಿ ಗುಡ್ಡೆ ಹಾಕುತ್ತಿದ್ದರು, ಆಗಾಗ ಅದಕ್ಕೆ ಬೆಂಕಿ ಇಡುತ್ತಿದ್ದರು. ಯಾಕೆ ಸುಟ್ಟರು? ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವಂಥ ಆಚರಣೆಗಳ ನಂಟು ಇರಬಹುದು ಎಂದು ಆಲ್ಚಿನ್ ಯೋಚಿಸಿದ್ದರು. ಮೈಸೂರು, ಮಂಡ್ಯ ಕಡೆಯವರಿಗೆ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೂ ನಡುವಿನ ನಾಲ್ಕು ಸಾವಿರ ವರ್ಷವನ್ನು ಒಂದೇ ದಾರದಲ್ಲಿ ಪೋಣಿಸುವುದು ದೊಡ್ಡ ನೆಗೆತ, ನಾನು ಅಷ್ಟು ದೂರ ಹೋಗಲಾರೆ. ಒಂದು ಮಾತಂತೂ ಖಚಿತ. ಆ ಸಗಣಿ ಅವರಿಗೆ ಬರೀ ಕಸವಾಗಿರಲಿಲ್ಲ, ಕಸವನ್ನು ಯಾರೂ ಇಷ್ಟು ಜತನದಿಂದ ತಲೆಮಾರುಗಟ್ಟಲೆ ಒಂದೇ ಕಡೆ ಪೇರಿಸುವುದಿಲ್ಲ.

ಇವು ಬರೀ ಬೇಸಿಗೆಯ ದೊಡ್ಡಿಗಳೋ, ಜನ ವಾಸವಿದ್ದ ಊರುಗಳೋ ಅನ್ನುವುದರ ಮೇಲೂ ವಾದ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದರು. ಬೂದಿದಿಬ್ಬದ ಪಕ್ಕದಲ್ಲೇ ಮನೆಗಳ ಕುರುಹು, ದನ ಕಡಿದು ಪಾಲು ಮಾಡುತ್ತಿದ್ದ ಒಂದು ಅಂಗಳ, ಎಲುಬು, ಕಲ್ಲಿನ ಕತ್ತಿಗಳು ಅಲ್ಲಿ ಸಿಕ್ಕವು. ಹಾಗಾಗಿ ಇವು ಊರುಗಳೇ ಅನ್ನುವುದು ಅವರ ವಾದ. ಎಲ್ಲಾ ದಿಬ್ಬಕ್ಕೂ ಒಂದೇ ಉತ್ತರ ಇರಬೇಕೆಂದೇನೂ ಇಲ್ಲ ಅಂತ ನನಗೆ ಅನಿಸುತ್ತದೆ.

ಬೆಳೆಯ ವಿಷಯ ತಿಳಿದಿದ್ದು ತಡವಾಗಿ, ಅದೂ ಒಂದು ಸರಳ ಉಪಾಯದಿಂದ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಮಣ್ಣು ತಳಕ್ಕೆ ಇಳಿಯುತ್ತದೆ, ಸುಟ್ಟ ಕಾಳು ಜೊಳ್ಳಿನ ಹಾಗೆ ಮೇಲೆ ತೇಲುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮುಂತಾದ ಕಡೆಯ ಮಣ್ಣನ್ನು ಹೀಗೆ ತೇಲಿಸಿ ನೋಡಿದಾಗ, ಫುಲ್ಲರ್ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮುಂತಾದವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕೇ ಕಾಳು. ಹುರುಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ, ಜೊತೆಗೆ ನವಣೆಯ ಜಾತಿಯ ಒಂದು ಹುಲ್ಲಿನ ಕಾಳು. ನಾಲ್ಕೂ ಮುಂಗಾರಿನ ಮಳೆಯಲ್ಲಿ ಬೆಳೆದು ಮಳೆ ಹಿಂದೆ ಸರಿದಾಗ ಮಾಗುವಂಥವು. ನಾಲ್ಕಕ್ಕೂ ಕಾಡಿನ ನಂಟರು ಇದೇ ನಾಡಿನಲ್ಲಿ ಇದ್ದಾರೆ.

ಹೆಸರುಕಾಳಿನ ಕಾಡುಜಾತಿಯ ಕಾಯಿ ಒಣಗಿದರೆ ಪಟ್ಟನೆ ಸಿಡಿದು ಕಾಳು ಚೆಲ್ಲಾಪಿಲ್ಲಿಯಾಗುತ್ತದೆ. ಒಂದು ಬಳ್ಳಿಗೆ ಸಿಗುವುದು ಹಿಡಿಯಷ್ಟೂ ಇಲ್ಲ. ಹಾಕಿದ ಬೀಜದಲ್ಲಿ ಎಷ್ಟೋ ಆ ವರ್ಷ ಮೊಳೆಯುವುದೇ ಇಲ್ಲ. ಇಂಥದನ್ನು ಬಿತ್ತಿದರೆ ಹಾಕಿದ್ದೂ ವಾಪಸು ಬರುವುದು ಅನುಮಾನ. ಆದರೂ ಬಿತ್ತಿದರು. ಯಾಕಿರಬಹುದು ಅಂತ ನಾನು ತುಂಬಾ ಯೋಚಿಸಿದ್ದೇನೆ. ದನ ಇದ್ದವರಿಗೆ ಒಂದು ವರ್ಷದ ಬೆಳೆ ಹೋದರೂ ಸಾವಿನ ಭಯ ಇಲ್ಲ, ಹಾಲು ಮಾಂಸ ಇದೆ. ದೊಡ್ಡಿಯ ಪಕ್ಕದ ನೆಲ ಗೊಬ್ಬರ ತಿಂದು ಕಪ್ಪಗಾಗಿರುತ್ತದೆ, ಅಲ್ಲಿ ಏನು ಬಿದ್ದರೂ ಹುಲುಸಾಗಿ ಬರುತ್ತದೆ. ಬೇಸಿಗೆಯ ಮೂರು ನಾಲ್ಕು ತಿಂಗಳು ಹುಲ್ಲೂ ಇಲ್ಲ, ಹಾಲೂ ಬತ್ತುತ್ತದೆ, ಆಗ ಗಡಿಗೆಯಲ್ಲಿ ಕೂಡಿಟ್ಟ ಒಣಕಾಳೇ ಗತಿ. ಇದು ನನ್ನ ತರ್ಕ. ಆದರೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುವವರು ಈಗಲೂ ನಮ್ಮಲ್ಲಿದ್ದಾರೆ. ಅವರನ್ನು ಕೇಳಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ ಅಂತಾರೆ.

ಆಮೇಲೆ ನಿಧಾನವಾಗಿ ಜನ ನೆಲೆನಿಂತರು. ಸಂಗನಕಲ್ಲಿನ ಗುಡ್ಡಗಳ ಮೇಲೆ ಊರು ಬೆಳೆಯಿತು. ಬಂಡೆಯ ಮೇಲೆ ಕಾಳು ಅರೆದು ಅರೆದು ಬಿದ್ದ ಕುಳಿಗಳು ಅಲ್ಲಿವೆ. ಪಕ್ಕದ ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿಗಳನ್ನು ರಾಶಿಗಟ್ಟಲೆ ಮಾಡುತ್ತಿದ್ದರು. ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಹೋರಿಗಳನ್ನು ಕೆತ್ತಿದ್ದಾರೆ. ಬಾರಿಸಿದರೆ ಗಂಟೆಯ ಹಾಗೆ ನುಡಿಯುವ ಕಲ್ಲುಗಳೂ ಅಲ್ಲಿವೆ, ಅವುಗಳ ಮೇಲೆ ಬಾರಿಸಿ ಬಾರಿಸಿ ಆದ ಗುಳಿಗಳಿವೆ.

ಹೊರಗಿನ ಬೆಳೆಗಳೂ ಬಂದವು. ಕ್ರಿ.ಪೂ. 2000ದ ನಂತರ ಗೋಧಿ, ಬಾರ್ಲಿ ಕಾಣಿಸಿಕೊಳ್ಳುತ್ತವೆ. ಆಮೇಲೆ ಆಫ್ರಿಕಾದ ಬೆಳೆಗಳು. ಸಜ್ಜೆ ಪಶ್ಚಿಮ ಆಫ್ರಿಕಾದ್ದು, ಜೋಳ ಸೂಡಾನ್ ಕಡೆಯದು, ಅವರೆ, ಅಲಸಂದೆ ಎಲ್ಲವೂ ಅಲ್ಲಿಯವು. ನಮ್ಮ ರಾಗಿ ಕೂಡ ಇಥಿಯೋಪಿಯಾ, ಉಗಾಂಡ ಎತ್ತರದ ನಾಡಿನಿಂದ ಬಂದಿದ್ದು. ಅದು ಯಾವಾಗ ಬಂತು ಅನ್ನುವುದರಲ್ಲಿ ಒಮ್ಮತ ಇಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಬಹಳ ಹಳೆಯ ಕಾಳುಗಳನ್ನು ರಾಗಿ ಎಂದು ಗುರುತಿಸಿದ್ದರು, ಆದರೆ ಸುಟ್ಟು ಹೊಟ್ಟು ಕಳೆದ ಸಿರಿಧಾನ್ಯಗಳನ್ನು ಒಂದರಿಂದ ಒಂದು ಬೇರೆ ಮಾಡುವುದು ಕಷ್ಟ, ಹಾಗಾಗಿ ಅದರ ಬಗ್ಗೆ ತಜ್ಞರಲ್ಲಿ ತಕರಾರು ಇದೆ.

ಈ ಮಾತು ಈಗ ಮುಖ್ಯ ಯಾಕೆಂದರೆ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ನಮ್ಮ ಮೂಲ ಆಹಾರ ಅನ್ನುವ ಮಾತು ಎಲ್ಲಾ ಪ್ಯಾಕೆಟ್ಟಿನ ಮೇಲೂ ಕಾಣುತ್ತದೆ. ರಾಗಿ ಬೇರೆ ಕಡೆಯಿಂದ ಬಂತು ಅಂದರೆ ಕೆಲವರಿಗೆ ಬೇಸರವಾಗುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲಿಂದಲೋ ಬಂದ ಕಾಳನ್ನು ನೂರಾರು ತಲೆಮಾರು ಬಿತ್ತಿ ನೂರಾರು ತಳಿ ಮಾಡಿಕೊಂಡಿದ್ದು ಇಲ್ಲಿಯ ರೈತರೇ. ನನಗೆ ಬೇಸರವಾಗುವುದು ಬೇರೆ ಸಂಗತಿಗೆ. ನಿಜವಾಗಿ ಈ ನೆಲದಲ್ಲೇ ಹುಟ್ಟಿ ಬೆಳೆದ ಕೊರಲೆಯನ್ನು ನಾವು ಹೆಚ್ಚುಕಡಿಮೆ ಮರೆತಿದ್ದೆವು. ತುಮಕೂರು, ಚಿತ್ರದುರ್ಗ ಕಡೆಯ ಒಣಭೂಮಿಯ ಒಂದಿಷ್ಟು ರೈತರು ಅದನ್ನು ಬಿಡದೆ ಬಿತ್ತುತ್ತಾ ಬಂದಿದ್ದರಿಂದ ಉಳಿಯಿತು. ನಾಲ್ಕು ಸಾವಿರ ವರ್ಷ ಕೈಬಿಡದೆ ಬಂದ ಬೀಜ ಅದು.

ಬೀಜ ಹಾಗೆ ಉಳಿಯಿತು, ಮಣ್ಣಲ್ಲಿರುವ ಅದರ ದಾಖಲೆಯ ಗತಿ ಹಾಗಿಲ್ಲ. ಜಲ್ಲಿಗೆ, ಗ್ರಾನೈಟಿಗೆ ಕಲ್ಲು ಒಡೆಯುವುದು ಸಂಗನಕಲ್ಲಿನ ಗುಡ್ಡಗಳಿಗೆ ದಶಕಗಳಿಂದ ಕಂಟಕವಾಗಿದೆ. ಬೂದಿದಿಬ್ಬಗಳ ಮಣ್ಣು ಹೊಲಕ್ಕೆ, ರಸ್ತೆಗೆ ಹೋಗಿದೆ. ಮಣ್ಣು ಹೊತ್ತ ರೈತರನ್ನು ನಾನು ದೂರುವುದಿಲ್ಲ, ಅದು ಏನು ಅಂತ ಅವರಿಗೆ ಕನ್ನಡದಲ್ಲಿ ಹೇಳಿದವರು ಎಷ್ಟು ಜನ? ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಪ್ರಾಚ್ಯ ವಸ್ತುಸಂಗ್ರಹಾಲಯ ಇದೆ. ಅದನ್ನು ನೋಡಿ ಬರುವವರು ಹಾಗೇ ಗುಡ್ಡಕ್ಕೂ ಹೋಗಿಬರಲಿ, ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಎಲುಬು ಸವೆದ ಹೆಂಗಸರ ವಿಷಯ ಹೇಳಿದೆನಲ್ಲ, ಆ ಅಬು ಹುರೇರಾ ಈಗ ಯೂಫ್ರೆಟಿಸ್ ನದಿಯ ಅಣೆಕಟ್ಟಿನ ನೀರಿನ ಕೆಳಗಿದೆ. ಮುಳುಗುವ ಮುಂಚೆ 1972 ಮತ್ತು 1973ರಲ್ಲಿ ಎರಡು ಸಲ ಅಗೆದು, ಮಣ್ಣು ತೇಲಿಸಿ, ಕಾಳು ಎಲುಬು ಎತ್ತಿಟ್ಟರು. ಇವತ್ತು ನಮಗೆ ಅಲ್ಲಿಯ ಬಗ್ಗೆ ಗೊತ್ತಿರುವುದೆಲ್ಲಾ ಆ ಎರಡು ಹಂಗಾಮಿನ ಕೆಲಸದಿಂದ. ಬಳ್ಳಾರಿಯ ಗುಡ್ಡಗಳ ಮೇಲೆ ಇನ್ನೂ ನೀರು ಬಂದಿಲ್ಲ. ಒಂದು ದಿಬ್ಬಕ್ಕೆ ಜೆಸಿಬಿ ಬರುವ ಮುಂಚೆ ಅದರ ಹತ್ತು ಬಕೆಟ್ ಮಣ್ಣನ್ನಾದರೂ ನೀರಿಗೆ ಹಾಕಿ, ತೇಲಿದ್ದನ್ನು ಬಟ್ಟೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಿ ಇಡಬಹುದು.